ಆ ಕೆಲಸದಲ್ಲಿ ಖುಷಿ ಇದೆಯಾ?

ಹಾಸನದ ಚಿಕ್ಕಮ್ಮ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ: "ಅಷ್ಟು ದೂರ ಹೋಗಿ ಯಾರದೋ ಮನೆಯ ಅಜ್ಜ ಅಜ್ಜಿಯರಿಗೆ ಸ್ನಾನ ಮಾಡಿಸ್ತೀಯಲ್ಲ, ಖುಷಿ ಇದೆಯೇನೇ ಅದರಲ್ಲಿ?" ಇಲ್ಲಿ ಮೆಲ್ಬರ್ನ್‌ನಲ್ಲಿರುವ ಕನ್ನಡದ ಗೆಳತಿಯರೂ ಇದನ್ನೇ ಕೇಳುತ್ತಾರೆ. ನಾನು ಇಲ್ಲಿನ ಒಂದು ವೃದ್ಧಾಶ್ರಮದಲ್ಲಿ ಹಿರಿಯರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಎಲ್ಲರಿಗೂ ಸೇರಿಸಿ ಹೇಳಿಬಿಡುತ್ತೇನೆ.

ಖುಷಿ ಇದೆ. ಬೇಜಾರೂ ಇದೆ. ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ. ಡೈಪರ್ ಬದಲಿಸುವುದು, ವಾಸನೆ, ಬೈಗುಳ, ಎಲ್ಲ ಕೆಲವೇ ವಾರಗಳಲ್ಲಿ ಅಭ್ಯಾಸವಾಯಿತು. ಇವತ್ತಿಗೂ ಅಭ್ಯಾಸವಾಗದೇ ಇರುವುದು ಗಡಿಯಾರ.

ನಾನು ನೋಡಿಕೊಳ್ಳುವ ಅಜ್ಜಿಯೊಬ್ಬರಿಗೆ ತೊಂಬತ್ತು ದಾಟಿದೆ. ಸಂಧಿವಾತದಿಂದ ಬೆರಳೆಲ್ಲ ಸೊಟ್ಟಗಾಗಿವೆ. ಆದರೂ ಸ್ವೆಟರಿನ ಗುಂಡಿ ತಾವೇ ಹಾಕಿಕೊಳ್ಳಬೇಕು. ಐದು ಗುಂಡಿ. ನಾನು ಹಾಕಿದರೆ ಅರ್ಧ ನಿಮಿಷ, ಅವರು ಹಾಕಿಕೊಂಡರೆ ಆರೇಳು ನಿಮಿಷ. ಕೊನೆಯ ಗುಂಡಿ ಕೂತ ಮೇಲೆ ಎದೆಯ ಮೇಲೆ ಕೈಯಾಡಿಸಿ ನನ್ನ ಮುಖ ನೋಡುತ್ತಾರೆ. ಆ ನೋಟ ಸಿಕ್ಕಿದ ದಿನ ಸೊಂಟನೋವೂ ಗೊತ್ತಾಗುವುದಿಲ್ಲ.

ಆದರೆ ಬೆಳಗಿನ ಪಾಳಿಯಲ್ಲಿ ನನ್ನ ಪಾಲಿಗೆ ಎಂಟು ಜನ. ಹಾಸಿಗೆಯಿಂದ ಲಿಫ್ಟರ್‌ನಲ್ಲಿ ಎತ್ತಬೇಕಾದವರಿಗೆ ಇಬ್ಬರು ಬೇಕು. ಯಾರಾದರೂ ರಜೆ ಹಾಕಿದರೆ ಎಷ್ಟೋ ಸಲ ಬದಲಿಗೆ ಯಾರೂ ಬರುವುದಿಲ್ಲ. ಅಂಥ ದಿನ ಪಕ್ಕದ ರೂಮಿನ ಬೆಲ್ ಹೊಡೆದುಕೊಳ್ಳುತ್ತಿರುತ್ತದೆ. ನಾನು ಅಜ್ಜಿಯ ಕೈ ಮೆಲ್ಲಗೆ ಸರಿಸಿ, ಗುಂಡಿ ಹಾಕಿಬಿಡುತ್ತೇನೆ. ಅವರು ಏನೂ ಅನ್ನುವುದಿಲ್ಲ. ಕಿಟಕಿಯ ಕಡೆ ತಿರುಗಿಕೊಳ್ಳುತ್ತಾರೆ. ಮನೆಗೆ ಬಂದು ಅನ್ನಕ್ಕಿಟ್ಟರೂ ಅದೇ ಕಣ್ಣ ಮುಂದೆ.

ಇಲ್ಲಿನ ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. ಕೆಲಸಗಾರರು ಸಾಲದು, ಸಂಬಳ ಸಾಲದು ಎಂದು ವೃದ್ಧರ ಆರೈಕೆಯ ಬಗ್ಗೆ ಸರ್ಕಾರವೇ ನೇಮಿಸಿದ್ದ ತನಿಖಾ ಆಯೋಗ (ರಾಯಲ್ ಕಮಿಷನ್) 2021ರಲ್ಲೇ ವರದಿ ಕೊಟ್ಟಿತು. 2023ರ ಜೂನ್ ಕೊನೆಯಿಂದ ನಮ್ಮ ಕನಿಷ್ಠ ಸಂಬಳ ಶೇ. 15ರಷ್ಟು ಏರಿತು. ಹೆಂಗಸರ ಕೆಲಸ ಎಂಬ ಕಾರಣಕ್ಕೆ ಇಷ್ಟು ವರ್ಷ ಇದಕ್ಕೆ ಬೆಲೆ ಕಟ್ಟಿರಲಿಲ್ಲ ಎಂದು ಸಂಬಳ ನಿರ್ಧರಿಸುವ ಆಯೋಗವೇ ಒಪ್ಪಿಕೊಂಡಿತು. ನನಗೆ ದುಡ್ಡಿಗಿಂತ ಆ ಮಾತೇ ಜಾಸ್ತಿ ಹಿಡಿಸಿತು. 2024ರ ಅಕ್ಟೋಬರ್‌ನಿಂದ ಆಶ್ರಮದಲ್ಲಿರುವ ಒಬ್ಬೊಬ್ಬರಿಗೆ ದಿನಕ್ಕೆ ಸರಾಸರಿ 215 ನಿಮಿಷದ ಆರೈಕೆ ಸಿಗಬೇಕೆಂದು ನಿಯಮವೂ ಇದೆ. ಕೇಳೋಕೆ ಜಾಸ್ತಿ ಅನ್ನಿಸುತ್ತೆ, ಅಲ್ವಾ? ಅದರಲ್ಲಿ 44 ನಿಮಿಷ ನರ್ಸ್‌ಗಳದ್ದು. ಉಳಿದದ್ದನ್ನು ಹಗಲಿಗೂ ರಾತ್ರಿಗೂ ಹಂಚಿ: ಸ್ನಾನ, ಟಾಯ್ಲೆಟ್, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು. ಗುಂಡಿಗೆ ಏಳು ನಿಮಿಷ ಎಲ್ಲಿಂದ ತರೋದು?

ಈಗ ನಾನೂ ನೇಪಾಳದ ಗೆಳತಿಯೊಬ್ಬಳೂ ಮಾತಾಡಿಕೊಂಡಿದ್ದೇವೆ. ಗುಂಡಿಯ ಹೊತ್ತಿಗೆ ನನ್ನ ಕಡೆಯ ಬೆಲ್ ಅವಳು ನೋಡಿಕೊಳ್ಳುತ್ತಾಳೆ. ಅವಳು ನುಂಗಲು ಕಷ್ಟಪಡುವ ಒಬ್ಬ ತಾತನಿಗೆ ಚಮಚ ಚಮಚವಾಗಿ ತಿಂಡಿ ತಿನ್ನಿಸುವಾಗ ಅವಳ ಕಡೆಯದು ನಾನು. ಇಬ್ಬರೂ ಒಂದೇ ಪಾಳಿಯಲ್ಲಿದ್ದರೆ ಮಾತ್ರ ಇದು ನಡೆಯುತ್ತದೆ. ಮುಂದಿನ ವಾರ ಅವಳಿಗೆ ರಾತ್ರಿ ಪಾಳಿ.