ಇರ್ವಿಂಗ್ ಮನೆಗೆ ಹೋಗೋರು ಅಕ್ಟೋಬರ್ ಬಿಟ್ಟು ಹೋಗಿ

ಬೆಟ್ಟದಲ್ಲಿ ಮಲಗಿ 20 ವರ್ಷ ಆದ ಮೇಲೆ ಎದ್ದ ರಿಪ್ ವ್ಯಾನ್ ವಿಂಕಲ್ ಗೊತ್ತಲ್ವಾ? ಆ ಕಥೆ ಬರೆದ ವಾಷಿಂಗ್ಟನ್ ಇರ್ವಿಂಗ್ ಅವರ ಮನೆ ಸನ್ನಿಸೈಡ್, ನ್ಯೂಯಾರ್ಕ್‌ನಿಂದ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ನಾವು ಎರಡು ಸಲ ಹೋಗಬೇಕಾಯಿತು. ಮೊದಲ ಸಲ ಯಾವ ದಿನ ತೆರೆದಿರುತ್ತೆ ಅಂತ ನೋಡದೆ ಹೊರಟು, ಮುಚ್ಚಿದ ಗೇಟಿನ ಮುಂದೆ ಚಿತ್ರಾನ್ನ ತಿಂದು ವಾಪಸ್ ಬಂದೆವು. ತಪ್ಪು ನನ್ನದೇ, ಅಪ್ಪ ಇವತ್ತಿಗೂ ಆಡಿಕೊಳ್ಳುತ್ತಾರೆ. ಚಳಿಗಾಲದಲ್ಲಂತೂ ಹೋಗಲೇಬೇಡಿ, ಬೇರೆ ತಿಂಗಳಲ್ಲೂ ಟಿಕೆಟ್ ಮೊದಲೇ ತಗೊಳ್ಳಿ.

ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್‌ನಲ್ಲಿ ಹಡ್ಸನ್ ಲೈನ್ ರೈಲು ಹತ್ತಿ ಎಡಗಡೆ ಕಿಟಕಿ ಹಿಡಿಯಿರಿ, ಹಡ್ಸನ್ ನದಿ ಜೊತೆಗೇ ಬರುತ್ತದೆ. ಇರ್ವಿಂಗ್ಟನ್‌ನಲ್ಲಿ (ಊರಿಗೂ ಅವರದೇ ಹೆಸರು) ಇಳಿದರೆ ಸುಮಾರು 2 ಕಿ.ಮೀ. ನಡಿಗೆ, ಸ್ವಲ್ಪ ಏರು. ವಯಸ್ಸಾದವರಿದ್ದರೆ ಟ್ಯಾರಿಟೌನ್‌ವರೆಗೆ ಹೋಗಿ ಟ್ಯಾಕ್ಸಿ ಮಾಡಿ.

1835ರಲ್ಲಿ ಕೊಂಡ ಪುಟ್ಟ ತೋಟದ ಮನೆಯನ್ನು ಇರ್ವಿಂಗ್ ತಮಗೆ ಬೇಕಾದ ಹಾಗೆ ತಿದ್ದಿ ಕಟ್ಟಿಸಿದರು. ಬಾಗಿಲ ಪಕ್ಕ ವಿಸ್ಟೀರಿಯಾ ಬಳ್ಳಿ, ಬಳ್ಳಿ ಅನ್ನೋದೇ ಕಷ್ಟ, ಮರದಷ್ಟು ದಪ್ಪ. 1829ರಲ್ಲಿ ಸ್ಪೇನಿನ ಅಲ್‌ಹಂಬ್ರಾ ಅರಮನೆಯೊಳಗೇ ಕೆಲವು ತಿಂಗಳು ವಾಸವಿದ್ದವರು, ಆಮೇಲೆ ಲಂಡನ್ನಿನ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಕಾರ್ಯದರ್ಶಿ, 1842ರಿಂದ 46ರವರೆಗೆ ಸ್ಪೇನಿಗೇ ಅಮೆರಿಕದ ಪ್ರತಿನಿಧಿ. ಅಲ್ಲಿಂದ ಬಂದ ಮೇಲೆ ಮನೆಗೆ ಒಂದು ಗೋಪುರ ಸೇರಿಸಿದರು, ಅದು ಸ್ಪೇನಿನ ನೆನಪೇ ಇರಬೇಕು ಅನ್ನಿಸಿತು. ಓದುವ ಕೋಣೆ ಮಾತ್ರ ತುಂಬಾ ಚಿಕ್ಕದು. ಮೇಜು, ಪುಸ್ತಕ, ಪರದೆ ಹಿಂದೆ ಒಂದು ಸೋಫಾ. ಮದುವೆಯಾಗಲಿಲ್ಲ. ಅಣ್ಣ, ಅಣ್ಣನ ಹೆಣ್ಣುಮಕ್ಕಳು ಜೊತೆಗಿದ್ದರು. ಅಷ್ಟು ಜನರಿದ್ದ ಮನೆಯಲ್ಲಿ ಬರೆಯೋರಿಗೆ ಪರದೆ ಬೇಕೇ ಬೇಕು ಅಂದರು ಅಮ್ಮ.

ಆಮೇಲೆ ಹುಲ್ಲಿನ ಮೇಲೆ ಸುಮ್ನೆ ಕೂತಿದ್ದೆವು. ನದಿಗೂ ಮನೆಗೂ ನಡುವೆ ರೈಲು ಹೋಯಿತು, ಮಾತು ನಿಲ್ಲಿಸಬೇಕಾಯಿತು. ಈ ಹಳಿ ಬಂದಿದ್ದು ಅವರು ಬದುಕಿದ್ದಾಗಲೇ, 1849ರಲ್ಲಿ. ಪಾಪ, ನದಿ ನೋಡಿಕೊಂಡಿರೋಣ ಅಂತ ಮನೆ ಮಾಡಿದವರು.

ಸಮಾಧಿ ಇರೋದು ಸ್ಲೀಪಿ ಹಾಲೋದಲ್ಲಿ, ಟ್ಯಾರಿಟೌನ್ ದಾಟಿ. ನಾರ್ತ್ ಟ್ಯಾರಿಟೌನ್ ಅಂತಿದ್ದ ಊರು 1996ರಲ್ಲಿ ಅವರ ಕಥೆಯ ಹೆಸರನ್ನೇ ಇಟ್ಟುಕೊಂಡಿತು. ಅಕ್ಟೋಬರ್‌ನಲ್ಲಿ ಆ ಕಥೆಯಲ್ಲಿ ಬರುವ ತಲೆಯಿಲ್ಲದ ಕುದುರೆ ಸವಾರನ ಹೆಸರಲ್ಲಿ ಜಾತ್ರೆಯೇ ಜಾತ್ರೆ, ಕಾರು ನಿಲ್ಲಿಸೋಕೂ ಜಾಗ ಇರಲ್ಲ. ಹಳೆಯ ಡಚ್ ಚರ್ಚಿನ ಹಿಂದಿನ ದಿಬ್ಬ ಹತ್ತಿದರೆ ಮನೆಯವರ ಕಲ್ಲುಗಳ ನಡುವೆ ಅವರದೂ ಒಂದು, ಯಾವ ಆಡಂಬರವೂ ಇಲ್ಲ. ಗೇಟಿನಲ್ಲಿ ನಕ್ಷೆ ಕೇಳಿಕೊಂಡೇ ಹೋಗಿ. ವಾಪಸ್ ಬರೋಕೆ ಫಿಲಿಪ್ಸ್ ಮ್ಯಾನರ್ ಸ್ಟೇಷನ್ ಹತ್ತಿರ, ಆದರೆ ಅಲ್ಲಿ ಎಲ್ಲ ರೈಲೂ ನಿಲ್ಲಲ್ಲ.