ಮುತ್ತಜ್ಜನ ಸಾಲದ ಪಟ್ಟಿ

14 ಜೂನ್ 2025, ಶನಿವಾರ

ಅಂತೂ ಮುತ್ತಜ್ಜನ ವೀಲಿನ (ಉಯಿಲಿನ) ಸರ್ಟಿಫೈಡ್ ಕಾಪಿ ಕೈಗೆ ಬಂತು ಮಾರಾಯ್ರೆ. ಮುತ್ತಜ್ಜ ಬೊಂಬಾಯಲ್ಲಿ ತೀರಿಹೋದದ್ದು 1936ರಲ್ಲಿ, ಮಾಟುಂಗದಲ್ಲಿ ಒಂದು ಖಾನಾವಳಿ ಇತ್ತು, ನಮಗೆ ಗೊತ್ತಿದ್ದದ್ದು ಇಷ್ಟೇ, ಉಳಿದದ್ದೆಲ್ಲ ಮದುವೆಮನೆ ಮಾತು, ಹೇಳುವವರ ಮೂಡ್ ನೋಡ್ಕೊಂಡು ಆ ಒಂದು ಖಾನಾವಳಿ ಎರಡಾಗ್ತಿತ್ತು, ಮೂರಾಗ್ತಿತ್ತು. ಈಗ ಬಾಂಬೆ ಹೈಕೋರ್ಟಿನ ಪ್ರೊಬೇಟ್ (ವೀಲು ಸಾಚಾ ಅಂತ ಕೋರ್ಟ್ ಕೊಡುವ ಪ್ರಮಾಣ) ಫೈಲಿನ ಪ್ರತಿ ಮೇಜಿನ ಮೇಲಿದೆ. ವೀಲುನಾಮೆ ಕನ್ನಡದಲ್ಲೇ ಉಂಟು, ಅದಕ್ಕೆ ಕೋರ್ಟಿನ ಟ್ರಾನ್ಸ್‌ಲೇಟರ್ ಮಾಡಿದ ಇಂಗ್ಲಿಷ್ ಪ್ರತಿ ಲಗತ್ತು, ಕೆಳಗೆ ಇಬ್ಬರು ಸಾಕ್ಷಿಗಳು, ಎಕ್ಸಿಕ್ಯೂಟರ್, ಅಂದ್ರೆ ವೀಲು ಜಾರಿ ಮಾಡುವವರು, ಮುತ್ತಜ್ಜನ ಭಾವ.

ಮುತ್ತಜ್ಜ ಊರಲ್ಲೇ ಕೂತು ವೀಲು ಬರೆಸಿದ್ರೆ ಈ ಫೈಲೇ ಹುಟ್ತಿರಲಿಲ್ವೇನೋ. 1870ರ ಹಿಂದೂ ವಿಲ್ಸ್ ಆಕ್ಟ್ ಇರಲಿ, ಆಮೇಲೆ ಬಂದ 1925ರ ಸಕ್ಸೆಷನ್ ಆಕ್ಟ್ ಇರಲಿ, ಹಿಂದೂಗಳ ವೀಲಿಗೆ ಪ್ರೊಬೇಟ್ ಕಡ್ಡಾಯ ಇದ್ದದ್ದು ಬಂಗಾಳದ ಕಡೆ ಮತ್ತೆ ಮದ್ರಾಸ್, ಬೊಂಬಾಯಿ ಪಟ್ಟಣಗಳಲ್ಲಿ, ವೀಲು ಅಲ್ಲಿ ಬರೆದಿರ್ಬೇಕಿತ್ತು ಇಲ್ಲಾ ಅಲ್ಲಿ ಸ್ಥಿರಾಸ್ತಿ ಇರ್ಬೇಕಿತ್ತು. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ರೂ ಮದ್ರಾಸ್ ಪಟ್ಟಣ ಅಲ್ವಲ್ಲ. ಊರಲ್ಲಿ ಬರೆಸಿದವರದ್ದು ಹುಡುಕೋದಾದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮೂರನೇ ನಂಬರ್ ಪುಸ್ತಕ ನೋಡ್ಬೇಕು, ವೀಲು ಬರೆದವರು ತೀರಿಹೋಗಿದ್ರೆ ಅರ್ಜಿ ಹಾಕಿದ ಯಾರಿಗೆ ಬೇಕಾದ್ರೂ ನಕಲು ಕೊಡ್ತಾರೆ, ಆದ್ರೆ ವೀಲು ರಿಜಿಸ್ಟರ್ ಮಾಡಿಸ್ಲೇಬೇಕು ಅಂತ ಕಾನೂನಿಲ್ಲ, ಹಾಗಾಗಿ ಸಿಕ್ಕಿದ್ರೆ ಸಿಕ್ಕೀತು.

ವೀಲು ಓದೋದಕ್ಕೆ ಐದು ನಿಮಿಷ ಸಾಕು, ಎಲ್ಲ ಹೆಂಡತಿಗೆ, ಆಮೇಲೆ ಮಕ್ಕಳಿಗೆ, ಮುಗೀತು. ನಾನು ಬೆಳಗ್ಗಿಂದ ಬಿಡದೆ ನೋಡ್ತಾ ಇರೋದು ಅದರ ಹಿಂದಿನ ಎರಡು ಶೀಟು. ಕೋರ್ಟ್ ಫೀಸ್ ಆಕ್ಟ್ ಪ್ರಕಾರ ಒಂದು ನಮೂನೆ ತುಂಬಬೇಕಿತ್ತು, ಒಂದ್ರಲ್ಲಿ ಆಸ್ತಿ, ಇನ್ನೊಂದ್ರಲ್ಲಿ ಸಾಲ ಮತ್ತೆ ಉತ್ತರಕ್ರಿಯೆ ಖರ್ಚು, ಸಾಲ ಕಳೆದು ಉಳಿದದ್ದರ ಮೇಲೆ ಫೀ. ಹಾಗಿರೋವಾಗ ಆಸ್ತಿಯನ್ನು ಯಾರಾದ್ರೂ ಸ್ವಲ್ಪ ಕಮ್ಮಿಯೇ ತೋರಿಸಿಯಾರು, ಸಾಲ ಮಾತ್ರ ಚಿಲ್ಲರೆಯನ್ನೂ ಬಿಡದೆ ಬರೀತಾರೆ. ನನ್ನ ಕೇಳಿದ್ರೆ ಹಳೇ ಫೈಲ್ ಸಿಕ್ಕಿದವರು ಮೊದ್ಲು ಸಾಲದ ಶೀಟೇ ತೆಗೀಬೇಕು.

ಆಸ್ತಿ ಬದಿಯಲ್ಲಿ ನಗದು ರೂ. 61-7-3, ತಾಮ್ರ ಹಿತ್ತಾಳೆ ಪಾತ್ರೆ, ಬೆಂಚು, ಒಂದು ಚಿನ್ನದ ಉಂಗುರ, ತಿಂಗಳ ಊಟದವರಿಂದ ಬರ್ಬೇಕಾದ ಬಾಕಿ. ಸ್ಥಿರಾಸ್ತಿ ಅನ್ನೋ ಕಡೆ ಗೀಟು. ಅಂದ್ರೆ ಖಾನಾವಳಿ ಒಂದೇ, ಅದೂ ಬಾಡಿಗೆ ಕೋಣೆ. ಸಾಲದ ಬದಿಗೆ ಬಂದ್ರೆ ಅಕ್ಕಿ ಅಂಗಡಿ, ಹಾಲಿನವನು, ಇದ್ದಲಿನವನು, ಎರಡು ತಿಂಗಳ ಬಾಡಿಗೆ, ಎಲ್ಲ ರೂಪಾಯಿ ಆಣೆ ಪೈ ಲೆಕ್ಕದಲ್ಲಿ ಒಂದರ ಕೆಳಗೊಂದು, ಕೊನೇ ಸಾಲು ಮಾತ್ರ ಬೇರೆ: ಊರಿನ ಧಣಿಗಳಿಗೆ ಗೇಣಿ ಬಾಕಿ, ಅಕ್ಕಿ ಮುಡಿ 9. ಮುಡಿ ಅಂದ್ರೆ ನಮ್ಮ ಕಡೆ ಬೈಹುಲ್ಲಲ್ಲಿ ಕಟ್ಟುವ ಅಕ್ಕಿ ಮೂಟೆ, ಅಳತೆಯೂ ಅದೇ. ಟೈಪ್ ಮಾಡಿದವರು ಮುಡಿಯನ್ನ ಹಾಗೇ ಬಿಟ್ಟು ಪಕ್ಕದಲ್ಲಿ ರೂಪಾಯಿ ಹಾಕಿದ್ದಾರೆ.

ಬೊಂಬಾಯಿ ಕೋರ್ಟಿನ ಕಾಗದದಲ್ಲಿ ನಮ್ಮೂರಿನ ಗೇಣಿ ಅಕ್ಕಿ! ನಮ್ಮದು ಮೂಲಗೇಣಿ ಅಲ್ಲ, ಚಾಲಗೇಣಿ. ಮೂಲಗೇಣಿ ಆದ್ರೆ ತಲೆಮಾರು ತಲೆಮಾರಿಗೆ ಗಟ್ಟಿ, ಚಾಲಗೇಣಿ ಅಂದ್ರೆ ವರ್ಷ ವರ್ಷದ ಲೆಕ್ಕ, ಬಾಕಿ ಬೆಳೆದ್ರೆ ಧಣಿಗಳು ಒಕ್ಕಲು ಬಿಡಿಸಿ ಇನ್ನೊಬ್ಬರಿಗೆ ಕೊಡಬಹುದಿತ್ತು. ಅಜ್ಜ 1974ರ ಭೂಸುಧಾರಣೆ ಹೊತ್ತಿಗೆ ಡಿಕ್ಲರೇಶನ್ (ಗೇಣಿ ಒಕ್ಕಲು ನಾವೇ, ಜಮೀನು ನಮಗಾಗ್ಬೇಕು ಅನ್ನೋ ಅರ್ಜಿ) ಕೊಟ್ಟು ಅದೇ ಗದ್ದೆ ನಮ್ಮ ಹೆಸರಿಗಾದದ್ದು. 1936ರಿಂದ ಮುಂದೆ ಒಕ್ಕಲು ತಪ್ಪದೇ ಉಳಿಯದಿದ್ರೆ ಅಜ್ಜನಿಗೆ ಡಿಕ್ಲರೇಶನ್ ಕೊಡ್ಲಿಕ್ಕೆ ಏನಿತ್ತು? ಮನೆಯಲ್ಲಿ ಆ ಗದ್ದೆಯ ಕತೆ ಯಾವಾಗ್ಲೂ ದೇವರಾಜ ಅರಸರ ಕಾಲದಿಂದ ಶುರುವಾಗ್ತದೆ. ಮುತ್ತಜ್ಜ ಬೊಂಬಾಯಿಗೆ ಹೋದವರು, ಗದ್ದೆ ಊರಲ್ಲಿದ್ದವರದ್ದು, ಹೀಗೆ ಎರಡು ಕತೆಯಾಗೇ ಕೇಳ್ಕೊಂಡು ಬಂದದ್ದು ನಾವು.

ದೊಡ್ಡಪ್ಪನಿಗೆ ಫೋನ್ ಮಾಡಿ ಓದಿ ಹೇಳಿದೆ. ‘ಒಂದೇ ಹೋಟ್ಲಾ? ಸರಿ ನೋಡು ಮಾರಾಯ, ಇನ್ನೊಂದು ಶೀಟ್ ಇರ್ಬೇಕು’ ಅಂದ್ರು. ಮುಡಿ ವಿಷಯ ಹೇಳಿದ ಮೇಲೆ ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಗೇಣಿ ಅಳೆಯೋಕೆ ಹೋಗ್ತಿದ್ದದ್ದು ಅವರ ಅಜ್ಜಿಯೇ, ಅಂದ್ರೆ ಮುತ್ತಜ್ಜನ ಹೆಂಡತಿ, ಗಾಡಿ ಕಟ್ಟಿಸಿಕೊಂಡು ತಾನೇ ಹೋಗಿ ಸೇರು ಸೇರೂ ನೋಡಿ ಅಳೆಸಿ ರಶೀದಿ ತಗೊಂಡೇ ವಾಪಸ್ ಬರೋದಂತೆ. ಇದನ್ನ ಇಷ್ಟು ವರ್ಷ ಯಾಕೆ ಹೇಳಿರಲಿಲ್ಲ ಅಂದ್ರೆ ‘ನೀನು ಹೋಟ್ಲಿಂದೇ ಕೇಳ್ತಿದ್ದಿ’ ಅಂದ್ರು.

ಎಕ್ಸಿಕ್ಯೂಟರ್ ಆದವರು ಆರು ತಿಂಗಳೊಳಗೆ ಆಸ್ತಿ ಪಟ್ಟಿ, ಒಂದು ವರ್ಷದೊಳಗೆ ಜಮಾ ಖರ್ಚು ಕೊಡ್ಬೇಕು. ಈ ಫೈಲಲ್ಲಿ ಪಟ್ಟಿ ಉಂಟು, ಜಮಾ ಖರ್ಚು ಇಲ್ಲ, ಒಂಬತ್ತು ಮುಡಿ ತೀರಿಸಿದ್ದು ಮುತ್ತಜ್ಜನ ಭಾವನೋ ಹೆಂಡತಿಯೋ ಅಂತ ಇಲ್ಲಿ ಸಿಗೋದಿಲ್ಲ. ಡಿಕ್ಲರೇಶನ್ ಜೊತೆ ಹಳೇ ಗೇಣಿ ರಶೀದಿ ಹಾಜರು ಮಾಡೋದು ರೂಢಿ, ಆ ಭೂನ್ಯಾಯ ಮಂಡಳಿ ಫೈಲಿನ ನಕಲಿಗೆ ತಾಲೂಕು ಆಫೀಸಲ್ಲಿ ಅರ್ಜಿ ಕೊಡ್ಬೇಕು, ಸೋಮವಾರ ರಜೆ ಹಾಕಿದ್ದೇನೆ. ದೊಡ್ಡಪ್ಪನೂ ಬರ್ತಾರಂತೆ, ಅವರಿಗೆ ಪಹಣಿಯಲ್ಲಿ ತಮ್ಮ ಹೆಸರಿನ ಸ್ಪೆಲ್ಲಿಂಗ್ ಸರಿ ಮಾಡಿಸೋದಿದೆ.