ಆರನೇ ಕುಡಿಕೆ ಸೋರಲಿಲ್ಲ

ಜೀವಕೋಶದ ಪೊರೆಯಂಥದ್ದನ್ನು ಮನೆಯಲ್ಲೇ ಮಣ್ಣಿನ ಕುಡಿಕೆಯ ಗೋಡೆಯಲ್ಲಿ ಕಟ್ಟಿಸಿ, ಒಳಗೆ ಸಕ್ಕರೆ ನೀರು ತುಂಬಿ, ಬಾಯಿಗೆ ಡ್ರಿಪ್ ಟ್ಯೂಬ್ ಸಿಕ್ಕಿಸಿ ನೀರಿನಲ್ಲಿ ಇಟ್ಟಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಸಕ್ಕರೆ ನೀರು ಟ್ಯೂಬಿನಲ್ಲಿ ನನ್ನ ಎದೆಮಟ್ಟಕ್ಕೆ ಏರಿತ್ತು. ಪಂಪಿಲ್ಲ, ಮೋಟರಿಲ್ಲ. ಮಂಡ್ಯದಲ್ಲಿ ಕರೆಂಟಿಗೆ ಕಾಯದೆ ನೀರು ಮೇಲಕ್ಕೆ ಹತ್ತಿದ್ದು ನೋಡಿ ಅಮ್ಮನಿಗೂ ಖುಷಿ.

ಮೈಲುತುತ್ತ (ತಾಮ್ರದ ಸಲ್ಫೇಟ್), ಪೊಟ್ಯಾಸಿಯಂ ಫೆರೋಸೈನೈಡ್ ಎಂಬ ಲವಣ, ಇವೆರಡರ ನೀರು ಸೇರಿದರೆ ಕಂದು ಪೊರೆ ಕಟ್ಟುತ್ತದೆ. ಅದು ನೀರನ್ನು ಒಳಕ್ಕೆ ಬಿಡುತ್ತದೆ, ಸಕ್ಕರೆಯನ್ನು ಹೊರಹೋಗದಂತೆ ತಡೆಯುತ್ತದೆ. ಹಾಗೆ ಒಳಬಂದ ನೀರೇ ಟ್ಯೂಬಿನಲ್ಲಿ ಏರುವುದು. 1867ರಲ್ಲಿ ಜರ್ಮನಿಯ ವಿಜ್ಞಾನಿ ಟ್ರೌಬೆ ಜೀವಕೋಶದ ಪೊರೆಯನ್ನು ಅನುಕರಿಸಿದ್ದು ಹೀಗೇ. ಪೊರೆ ತೀರಾ ನಾಜೂಕು. ಅದಕ್ಕೇ ಸಸ್ಯವಿಜ್ಞಾನಿ ಫೆಫರ್ ಅದನ್ನು ಮಣ್ಣಿನ ಕುಡಿಕೆಯ ಗೋಡೆಯೊಳಗೆ ಕಟ್ಟಿಸಿದ. ನನ್ನ ತಲೆನೋವು ಶುರುವಾಗಿದ್ದೂ ಆ ಗೋಡೆಯಲ್ಲೇ.

ಮೊದಲ ಕುಡಿಕೆ ಅಂಗಡಿಯವರ ಕೃಪೆಯಿಂದ ಹೋಯಿತು. ಫೆರೋಸೈನೈಡ್ ಕೇಳಿದರೆ ಫೆರಿಸೈನೈಡ್ ಕೊಟ್ಟಿದ್ದರು. ಹಳದಿ ಹರಳಿನ ಬದಲು ಕೆಂಪು ಹರಳು. ‘ಒಂದಕ್ಷರ ತಾನೇ ಸಾರ್’ ಅಂದರು. ಅಕ್ಕನಿಗೂ ಅಕ್ಕಿಗೂ ಅಷ್ಟೇ ವ್ಯತ್ಯಾಸ ಅಲ್ವಾ!

ಮುಂದಿನ ಮೂರರಲ್ಲಿ ಮಣ್ಣಿನ ರಂಧ್ರದೊಳಗಿನ ಗಾಳಿ ಕಾಟ ಕೊಟ್ಟಿತು. ಗಂಟೆಗಟ್ಟಲೆ ಕುದಿಸಿದರೂ ಹೋಗಲಿಲ್ಲ. ಪೊರೆ ಮೇಲುಮೇಲಕ್ಕೆ ಕಟ್ಟಿ, ಹಪ್ಪಳದ ಹಾಗೆ ಎದ್ದು ಬಂತು. ನೀರು ಒಂದು ಗೇಣು ಏರುವುದು, ಸುಮ್ನೆ ಇಳಿಯುವುದು.

ಆಗ ನೆನಪಾದವನು ಮೋರ್ಸ್. ತಂತಿಯ ಮೋರ್ಸ್ ಅಲ್ಲ, 1901ರಲ್ಲಿ ಇದೇ ಕುಡಿಕೆಗೆ ಕರೆಂಟ್ ಕೊಟ್ಟ ಅಮೆರಿಕದ ಮೋರ್ಸ್. ಹೊರಗೆ ಮೈಲುತುತ್ತದಲ್ಲಿ ತಾಮ್ರದ ಪಟ್ಟಿ, ಪ್ಲಸ್. ಒಳಗೆ ಫೆರೋಸೈನೈಡಿನಲ್ಲಿ ಹಳೇ ಟಾರ್ಚ್ ಸೆಲ್ಲಿನ ಕಾರ್ಬನ್ ಕಡ್ಡಿ, ಮೈನಸ್. ಸ್ಕೂಟರ್ ಬ್ಯಾಟರಿ. ತಾಮ್ರ ಒಳಕ್ಕೆ ನುಗ್ಗುತ್ತದೆ, ಫೆರೋಸೈನೈಡ್ ಹೊರಕ್ಕೆ. ಎರಡೂ ಗೋಡೆಯ ನಡುವೆ ಎದುರಾಗುತ್ತವೆ. ಕರೆಂಟಿನ ಜೊತೆ ಸರಿಯುವ ನೀರು ಗಾಳಿಯನ್ನೂ ದೂಡಿಕೊಂಡು ಹೋಗುತ್ತದೆ. ಪೊರೆ ಕಟ್ಟಿದಂತೆ ಕರೆಂಟ್ ಅಳೆಯುವ ಮೀಟರ್ ಇಳಿಯಬೇಕು. ಐದನೆಯದರಲ್ಲಿ ಚೆನ್ನಾಗಿ ಇಳಿದು ಮತ್ತೆ ಏರಿತು! ಎರಡು ದಿನ ವೈರುಗಳನ್ನು ಬೈದೆ. ಕೊನೆಗೆ ಒಳಗಿನ ನೀರಿಗೆ ಅರಿಶಿನ ಹಚ್ಚಿದ ಕಾಗದ ಅದ್ದಿದರೆ, ಕುಂಕುಮದಂತೆ ಕೆಂಪು. ಕ್ಷಾರ! ಮೈನಸ್ ಕಡೆ ಹುಟ್ಟಿದ ಕ್ಷಾರ ಕಟ್ಟಿದ ಪೊರೆಯನ್ನೇ ತಿನ್ನುತ್ತಿತ್ತು. ಆರನೆಯದಕ್ಕೆ ಕಾಲು ಗಂಟೆಗೊಮ್ಮೆ ಒಳಗಿನ ನೀರು ಬದಲಿಸಿದೆ. ಅಷ್ಟೇ.

ಮುಂದಿನ ಪ್ರಯೋಗ ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಎಂಬ ಕೊಬ್ಬಿನದು. ನಿಜವಾದ ಕೋಶದ ಪೊರೆ ಇಂಥದೇ ಕೊಬ್ಬಿನ ಎರಡು ಪದರ, ದಪ್ಪ 5 ನ್ಯಾನೋಮೀಟರ್ ಆಸುಪಾಸು. ಅದರಲ್ಲಿ ನೀರಿಗೆಂದೇ ಇರುವ ಬಾಗಿಲು ಅಕ್ವಾಪೊರಿನ್ ಎಂಬ ಪ್ರೋಟೀನ್. ಅದನ್ನು ಕಂಡುಹಿಡಿದ ಅಮೆರಿಕದ ವಿಜ್ಞಾನಿ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ಆ ಬಾಗಿಲು ನನ್ನ ಕೈಗೆಟುಕದು, ಬರೀ ಗೋಡೆ ಕಟ್ಟಿ ನೋಡುವ ಆಸೆ. ಅಡುಗೆಮನೆಗೆ ಮೊಟ್ಟೆ ತರಬಾರದು ಅಂತ ಅಮ್ಮ. ಹಿತ್ತಲ ಶೆಡ್ಡೇ ಗತಿ.

ಅಂದ ಹಾಗೆ, ಒಂದು ಪರ್ಸೆಂಟ್ ಸಕ್ಕರೆ ನೀರು ಲೆಕ್ಕದ ಪ್ರಕಾರ ಸುಮಾರು 7 ಮೀಟರ್ ಏರಬೇಕು. ಟ್ಯೂಬನ್ನು ಮಹಡಿ ಮೆಟ್ಟಿಲಿಗೆ ಕಟ್ಟಿದ್ದೆ. ಮಧ್ಯಾಹ್ನ ನಾನು ಹಚ್ಚಿದ ಅಂಟು ಬಿಟ್ಟು ಬಿರಡೆ ಹಾರಿತು. ಪೊರೆ ಹಾಗೇ ಇದೆ. ಮೆಟ್ಟಿಲ ತುಂಬ ಇರುವೆ.